ಎಡಗಡೆ ಸೀಟು

ಪರವೂರಿನ ಅಜ್ಜಿಯೊಬ್ಬಳು ಬೆಳಿಗ್ಗೆ ಎಂಟೂವರೆಗೆ ವಿಚಾರಣೆ ಕಿಟಕಿಗೆ ಬಂದು ಕೇಳಬಾರದ ಪ್ರಶ್ನೆಯೊಂದನ್ನು ಕೇಳಿದ್ದೇ ಆ ದಿನದ ಎಲ್ಲ ಅನಾಹುತಕ್ಕೂ ಮೂಲ. ಸಮುದ್ರದ ಊರಿಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿ, ಉತ್ತರ ಪಡೆದು, ತನ್ನ ಪಾಡಿಗೆ ತಾನು ಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಬೆಟ್ಟದ ಊರಿನ ಬಸ್ ನಿಲ್ದಾಣದಲ್ಲಿ ಆ ಕಿಟಕಿಯ ಹಿಂದೆ ಇಪ್ಪತ್ತೊಂದು ವರ್ಷಗಳಿಂದ ಕೂತಿದ್ದವನನ್ನು ಊರಿಗೆ ಊರೇ ವಿಚಾರಣೆಯಪ್ಪ ಎಂದು ಕರೆಯುತ್ತಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದುಕೊಂಡಿತ್ತು. ಯಾವ ಬಸ್ಸು ಎಷ್ಟಕ್ಕೆ ಹೊರಡುತ್ತದೆ, ಚಹಾಕ್ಕೆ ಎಲ್ಲಿ ನಿಲ್ಲುತ್ತದೆ, ಯಾವ ಡ್ರೈವರು ತಿರುವಿನಲ್ಲೂ ಬ್ರೇಕು ಒತ್ತುವುದಿಲ್ಲ ಎಂಬುದೆಲ್ಲ ಅವನಿಗೆ ಬಾಯಿಪಾಠ. ಬರೀ ಸಮಯ ಹೇಳಿ ಸುಮ್ಮನಾಗುವ ಪೈಕಿಯೂ ಅಲ್ಲ. ಎಲ್ಲಿ ಯಾವ ಕೆರೆ ಕಾಣುತ್ತದೆ, ಯಾವ ಸೇತುವೆ ಮೇಲೆ ಗಾಳಿ ತಣ್ಣಗೆ ಬೀಸುತ್ತದೆ ಎಂದು ಕೇಳದಿದ್ದರೂ ಹೇಳುತ್ತಿದ್ದ. ಅವನ ಅಂಗಿಯ ಜೇಬಿನ ಮೇಲೆ ‘ವಿಚಾರಣೆ’ ಎಂದು ಕೆಂಪಕ್ಷರದ ಬಟ್ಟೆಯ ಪಟ್ಟಿಯೊಂದಿತ್ತು. ಮೊದಲು ಅದು ಪಿನ್ನಿನ ಬಿಲ್ಲೆಯಾಗಿತ್ತು. ನಾಲ್ಕು ಬಿಲ್ಲೆ ಕಳೆದುಕೊಂಡ ಮೇಲೆ ಹೆಂಡತಿ ತಾನೇ ಪಟ್ಟಿ ಮಾಡಿ ಮೂರೂ ಅಂಗಿಗಳಿಗೆ ಎರಡೆರಡು ಸುತ್ತು ದಾರ ಹಾಕಿ ಹೊಲಿದುಬಿಟ್ಟಿದ್ದಳು. ಅಂಗಿ ಹರಿದರೂ ಪಟ್ಟಿ ಬರುವಂತಿರಲಿಲ್ಲ.

ಅಜ್ಜಿಗೂ ಅವನು ಎಂದಿನಂತೆ ಹೇಳಿದ. “ಹತ್ತೂ ಇಪ್ಪತ್ತಕ್ಕೆ, ಮೂರನೇ ಅಂಕಣ. ಎಡಗಡೆ ಸೀಟು ಹಿಡೀರಿ ಅಜ್ಜಿ. ಬೆಟ್ಟ ಇಳಿಯೋವಾಗ ಹನ್ನೊಂದನೇ ತಿರುವಲ್ಲಿ ಸಮುದ್ರ ಕಾಣುತ್ತೆ. ಒಂದೇ ನಿಮಿಷ. ಆಮೇಲೆ ಊರು ತಲುಪೋವರೆಗೂ ಮರೆ.”

“ಹೌದಾ. ನೀವು ಯಾವಾಗ ನೋಡಿದ್ರಿ?”

ಇಪ್ಪತ್ತೊಂದು ವರ್ಷದಲ್ಲಿ ಆ ಕಿಟಕಿಯ ಸರಳುಗಳ ನಡುವೆ ಏನೇನೋ ಪ್ರಶ್ನೆಗಳು ತೂರಿ ಬಂದಿದ್ದವು. ಕಳೆದುಹೋದ ಕೊಡೆ ಎಲ್ಲಿದೆ ಎಂದು ಕೇಳಿದವರಿದ್ದರು, ಮಗಳಿಗೆ ಆ ಊರಿನ ಸಂಬಂಧ ಮಾಡಬಹುದೇ ಎಂದು ಕೇಳಿದವರೂ ಇದ್ದರು. ಇದನ್ನು ಮಾತ್ರ ಯಾರೂ ಕೇಳಿರಲಿಲ್ಲ. ಸುಳ್ಳು ಹೇಳಿ ಅಭ್ಯಾಸವಿಲ್ಲದ ವಿಚಾರಣೆಯಪ್ಪ, ತಾನು ನೋಡಿಲ್ಲವೆಂದೂ ಕೇಳಿ ತಿಳಿದದ್ದೆಂದೂ ಒಪ್ಪಿಕೊಂಡ.

ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ನಂಗೆ ಎಪ್ಪತ್ತಾರು. ಒಬ್ಬಳೇ ಹೊರಟಿರೋದು ಇವತ್ತೇ ಮೊದಲು. ದಾರಿ ಕೇಳಿದ್ರೆ ಹೋಗಿ ಬಂದೋರನ್ನೇ ಕೇಳ್ಬೇಕಪ್ಪ,” ಎಂದು ಕೈಚೀಲ ಎತ್ತಿಕೊಂಡು ಸೀದಾ ಹಮಾಲಿಯ ಹತ್ತಿರ ಹೋದಳು. ವಿಚಾರಣೆಯಪ್ಪ ನೋಡನೋಡುತ್ತಿದ್ದಂತೆ ಹಮಾಲಿ ಮೂಟೆ ಇಳಿಸಿ, ಎರಡೂ ಕೈ ಆಡಿಸಿ, ಅದೇ ಹತ್ತೂ ಇಪ್ಪತ್ತನ್ನೇ ಹೇಳಿದ. ಅಜ್ಜಿ ಹಮಾಲಿಯನ್ನು ನಂಬಿದಳು.

ವಿಚಾರಣೆಯಪ್ಪನಿಗೆ ಅವಮಾನವಾಯಿತು. ಅವಮಾನ ಅವನಿಗೆ ಯಾವಾಗಲೂ ಕಾಲಿನಲ್ಲಿ ಆಗುತ್ತಿತ್ತು. ಮೇಜಿನ ಕೆಳಗೆ ಎರಡೂ ಮೊಣಕಾಲು ತಮ್ಮಷ್ಟಕ್ಕೆ ಕುಣಿಯತೊಡಗಿದವು.

ಒಂಬತ್ತಕ್ಕೆ ಫೋನು ಬಂತು. ಸಮುದ್ರದ ಊರಿನ ನಿಲ್ದಾಣದ ವಿಚಾರಣೆ ಕಿಟಕಿಯವನದು. ಬೆಳಗಿನ ಮೊದಲ ಬಸ್ಸು ಹೊರಟಿತೋ ಇಲ್ಲವೋ ಎಂದು ಎರಡೂ ಕಡೆಯವರು ದಿನವೂ ಒಂಬತ್ತಕ್ಕೆ ಮಾತಾಡಿಕೊಳ್ಳಬೇಕೆಂಬುದು ನಿಯಮ. ಇಬ್ಬರೂ ಒಬ್ಬರ ಮುಖ ಒಬ್ಬರು ಕಂಡವರಲ್ಲ, ಆದರೆ ಕೆಮ್ಮಿನಿಂದಲೇ ಆರೋಗ್ಯ ಹೇಳುವಷ್ಟು ಪರಿಚಯ. ವಿಚಾರಣೆಯಪ್ಪ ಅವನನ್ನು ‘ಆ ಕಡೆಯವರು’ ಎನ್ನುತ್ತಿದ್ದ. ಆ ಕಡೆಯವನೂ ಇವನನ್ನು ಹಾಗೆಯೇ ಎನ್ನುತ್ತಿದ್ದ. ಬಸ್ಸಿನ ಮಾತು ಮುಗಿದ ಮೇಲೆ ಇವನು “ಸಮುದ್ರ ಹೇಗಿದೆ?” ಎನ್ನುವುದು, ಅವನು “ಇದೆ, ಬೆಟ್ಟ ಹೇಗಿದೆ?” ಎನ್ನುವುದು, ಇವನು ಕಿಟಕಿಯಿಂದ ಕಾಣುವ ಮೂರನೇ ಅಂಕಣವನ್ನು ನೋಡಿ “ಚೆನ್ನಾಗಿದೆ” ಎನ್ನುವುದು ಇಪ್ಪತ್ತೊಂದು ವರ್ಷದ ವಾಡಿಕೆ. ಎಡಗಡೆ ಸೀಟಿನ ವಿಷಯವನ್ನು ಇವನಿಗೆ ಹೇಳಿಕೊಟ್ಟದ್ದೂ ಆ ಕಡೆಯವನೇ. ತನ್ನ ಪ್ರಯಾಣಿಕರಿಗೆಲ್ಲ ತಾನು ಎಡಗಡೆ ಕೂರಲು ಹೇಳುತ್ತೇನೆಂದೂ, ಕೂತವರೆಲ್ಲ ಹೊಗಳುತ್ತಾರೆಂದೂ ಅವನು ಮೊದಲ ವರ್ಷವೇ ಹೇಳಿದ್ದ.

ಆ ದಿನ ವಿಚಾರಣೆಯಪ್ಪ ಸಮುದ್ರವನ್ನು ವಿಚಾರಿಸಲಿಲ್ಲ. “ಸಾರ್, ನೀವು ಯಾವತ್ತಾದ್ರೂ ನಮ್ಮ ಕಡೆ ಬಂದಿದೀರಾ?” ಎಂದ.

ಆ ಕಡೆಯವನು ಒಮ್ಮೆ ಕೆಮ್ಮಿದ. ಆಮೇಲೆ, “ಇಲ್ಲ. ಯಾಕೆ?”

“ಏನಿಲ್ಲ. ಯಾರೋ ಕೇಳಿದ್ರು.”

ಇಬ್ಬರೂ ಫೋನು ಇಡುವುದಕ್ಕೆ ಎಂದಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡರು.

ಒಂಬತ್ತೂ ಕಾಲಿಗೆ ವಿಚಾರಣೆಯಪ್ಪ ತನ್ನ ಬಾಳಿನಲ್ಲಿ ಮೊದಲ ಬಾರಿಗೆ ತಾನೇ ಒಂದು ತೀರ್ಮಾನ ಮಾಡಿದ. ಅದುವರೆಗೆ ಅವನ ಶಾಲೆಯನ್ನು ಅಪ್ಪ ಆರಿಸಿದ್ದ, ಕೆಲಸವನ್ನು ಸೋದರಮಾವ, ಹೆಂಡತಿಯನ್ನು ದೊಡ್ಡಮ್ಮ, ಕನ್ನಡಕದ ಚೌಕಟ್ಟನ್ನು ಅಂಗಡಿಯವನು. ಈಗ, ಯಾರನ್ನೂ ಕೇಳದೆ, ಇವತ್ತೇ ಹತ್ತೂ ಇಪ್ಪತ್ತರ ಬಸ್ಸು ಹತ್ತಿ ಸಮುದ್ರವನ್ನು ಕಣ್ಣಾರೆ ಕಂಡು ಬರುವುದೆಂದು ಗಟ್ಟಿ ಮಾಡಿದ. ನಾಳೆ ಯಾರಾದರೂ ಯಾವಾಗ ನೋಡಿದ್ರಿ ಎಂದರೆ ನಿನ್ನೆ ಎನ್ನಬಹುದು. ಹೀಗೆ ಸ್ವಂತ ಬುದ್ಧಿಯಿಂದ ತೀರ್ಮಾನಿಸಿದ ಮೇಲೆ, ಅದು ಸರಿಯೋ ತಪ್ಪೋ ಎಂದು ನಾಲ್ಕು ಜನರನ್ನು ಕೇಳಲು ಹೊರಟ.

ಕ್ಯಾಂಟೀನಿನವನು ಬೇಡವೆಂದ. ಸಮುದ್ರ ಎಂದರೆ ಬರೀ ಉಪ್ಪುನೀರು, ಅದಕ್ಕೆ ನಾಲ್ಕು ಗಂಟೆ ಕೂತು ಹೋಗಬೇಕೇ ಎಂಬುದು ಅವನ ವಾದ. ಟಿಕೆಟ್ ಕೌಂಟರಿನವನು ಹೋಗಲೇಬೇಕೆಂದ, ಆದರೆ ಮುಂದಿನ ವರ್ಷ. ಹಮಾಲಿ ತಾನು ಮೂರು ಸಲ ಹೋಗಿದ್ದೇನೆ ಎಂದ. ಅದು ವಿಚಾರಣೆಯಪ್ಪನಿಗೆ ಇನ್ನೂ ಕೆಟ್ಟದೆನಿಸಿತು. ನಾಲ್ಕನೆಯವರು ನಿಲ್ದಾಣದ ಕಂಟ್ರೋಲರ್ ಸಾಹೇಬರು. ಇಪ್ಪತ್ತೊಂದು ವರ್ಷದಲ್ಲಿ ಒಂದು ದಿನವೂ ರಜೆ ಕೇಳದವನು ಎದುರು ಬಂದು ನಿಂತಾಗ ಅವರು ಎದ್ದು ನಿಂತು, ಮನೆಯಲ್ಲಿ ಎಲ್ಲರೂ ಕ್ಷೇಮವೇ ಎಂದು ಕೇಳಿದರು.

ರಜೆ ಅರ್ಜಿಯಲ್ಲಿ ಕಾರಣಕ್ಕೆ ಮೂರೇ ಕಲಮು ಇದ್ದವು: ಕಾಯಿಲೆ, ಮದುವೆ, ಸಾವು. ಮದುವೆ ಆಗಿಹೋಗಿತ್ತು, ಸಾಯುವ ಯೋಚನೆ ಇರಲಿಲ್ಲ. ಬಹಳ ಹೊತ್ತು ಚರ್ಚೆಯಾದ ಮೇಲೆ ಸಾಹೇಬರು ಕಾಯಿಲೆಯ ಮುಂದೆ ತಾವೇ ‘ಸಮುದ್ರ ನೋಡದಿರುವುದು’ ಎಂದು ಬರೆದರು. ಆದರೆ ವಿಚಾರಣೆ ಕಿಟಕಿ ಬರಿದಾಗಿರಕೂಡದು ಎಂಬ ನಿಯಮ ಅವರಿಗೆ ಪ್ರಾಣ. ಮಳೆ ಬಂದು ಚಾವಣಿ ಹಾರಿಹೋದ ದಿನವೂ ಆ ಕುರ್ಚಿಯಲ್ಲಿ ಯಾರಾದರೂ ಇರಲೇಬೇಕು. “ಯಾರನ್ನಾದ್ರೂ ಕೂರ್ಸಿ ಹೋಗಿ,” ಎಂದರು.

ಧ್ವನಿವರ್ಧಕದಲ್ಲಿ ಬಸ್ಸುಗಳ ಹೊರಡುವಿಕೆ ಸಾರುವ ಹೆಂಗಸು, ಎಲ್ಲರ ಬಾಯಲ್ಲಿ ಮೈಕಮ್ಮ, ಆ ಭಾರ ತಾನು ಹೊರುತ್ತೇನೆ ಎಂದಳು. ತನ್ನ ಕೋಣೆ ಬಿಟ್ಟು ಬರುವ ಅಗತ್ಯವೇ ಇಲ್ಲ, ಜನ ಕೆಳಗಿಂದ ಕೇಳಲಿ, ತಾನು ಮೈಕಿನಲ್ಲೇ ಉತ್ತರ ಹೇಳುತ್ತೇನೆ ಎಂಬುದು ಅವಳ ಯೋಜನೆ. ಹೇಳಿದ ಮರುಗಳಿಗೆಯಲ್ಲೇ ಕೆಲಸ ಶುರು ಮಾಡಿದಳು. “ಪ್ರಯಾಣಿಕರ ಗಮನಕ್ಕೆ. ವಿಚಾರಣೆಯವರು ಸಮುದ್ರ ನೋಡಲು ಹೋಗುತ್ತಿರುವುದರಿಂದ ನಿಮ್ಮ ಪ್ರಶ್ನೆಗಳನ್ನು ಗಟ್ಟಿಯಾಗಿ ಕೇಳತಕ್ಕದ್ದು.”

ವಿಚಾರಣೆಯಪ್ಪನ ಮನೆ ನಿಲ್ದಾಣದ ಹಿಂದಿನ ಬೀದಿಯಲ್ಲೇ ಇತ್ತು. ಹೆಂಡತಿಗೆ ಗೊತ್ತಾಗದಂತೆ ಹೋಗಿ, ಸಂಜೆ ನಗುತ್ತಾ ಬಂದು ನಿಲ್ಲಬೇಕೆಂಬ ಆಸೆ ಅಲ್ಲಿಗೆ ಮುಗಿಯಿತು. ಹತ್ತು ನಿಮಿಷದಲ್ಲಿ ಅವಳು ದೊಡ್ಡದೊಂದು ಚೀಲದೊಂದಿಗೆ ಹಾಜರಾದಳು. ಅವಳ ಹಿಂದೆಯೇ ಎದುರುಮನೆಯ ನಿವೃತ್ತ ಮೇಷ್ಟ್ರು. ಚೀಲದಲ್ಲಿ ಸ್ವೆಟರು, ಕೊಡೆ, ಟಾರ್ಚು, ವಾಂತಿಯ ಮಾತ್ರೆ, ಮಾತ್ರೆ ಕೆಲಸ ಮಾಡದಿದ್ದರೆ ಎಂದು ನಾಲ್ಕು ಪ್ಲಾಸ್ಟಿಕ್ ಚೀಲ, ಒಂದು ಮಾರು ಹಗ್ಗ. ಹಗ್ಗ ಯಾಕೆ ಎಂದು ಕೇಳಿದ್ದಕ್ಕೆ, ಇರಲಿ ಎಂದಳು.

ಮೇಷ್ಟ್ರು ಅವನ ಭುಜದ ಮೇಲೆ ಕೈಯಿಟ್ಟು ದೇಶ ಸುತ್ತಬೇಕು, ಕೋಶ ಓದಬೇಕು ಎಂದರು. ಧೈರ್ಯವಿಲ್ಲದ ಬಾಳು ಬಾಳೇ ಅಲ್ಲ, ತಲೆ ಇರುವುದು ಸ್ವಂತ ಯೋಚನೆಗೆ ಎಂದರು. ಹೀಗೆ ಹೇಳುತ್ತಿದ್ದ ಮೇಷ್ಟ್ರು ಊರ ಹೊರಗಿನ ಸೇತುವೆ ದಾಟಿ ಹದಿನೆಂಟು ವರ್ಷವಾಗಿತ್ತು. ಭಾಷಣದ ಕೊನೆಗೆ ದನಿ ತಗ್ಗಿಸಿ, ನೀರಿಗೆ ಇಳಿಯಬೇಡಿ, ದಡಕ್ಕೂ ಹೋಗಬೇಡಿ, ದೂರದಿಂದ ನೋಡಿ ಬಂದುಬಿಡಿ ಎಂದೂ ಸೇರಿಸಿದರು.

ಹೆಂಡತಿ ಹೆಚ್ಚು ಮಾತಾಡಲಿಲ್ಲ. ಬಸ್ಸಿನ ಮೆಟ್ಟಿಲ ಹತ್ತಿರ, “ಒಂದು ಚಿಪ್ಪು ತನ್ನಿ. ಇಲ್ದಿದ್ರೆ ನೀವು ಹೋಗಿದ್ದು ನಂಗೂ ನಂಬಿಕೆ ಬರಲ್ಲ,” ಎಂದಳು. ಮದುವೆಯಾದ ವರ್ಷ ಅವನೇ ಅವಳಿಗೆ ಹನ್ನೊಂದನೇ ತಿರುವಿನ ಕತೆ ಹೇಳಿ, ಮುಂದಿನ ಬೇಸಿಗೆಗೆ ಕರೆದೊಯ್ಯುತ್ತೇನೆ ಎಂದಿದ್ದ. ಆ ಮುಂದಿನ ಬೇಸಿಗೆ ಬರುತ್ತಲೇ ಇತ್ತು. ಅದನ್ನು ನೆನೆದು ವಿಚಾರಣೆಯಪ್ಪ ಚೀಲವನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಸಮುದ್ರ ನೋಡಿ ಬಂದವನೇ ಅವಳನ್ನೂ ಕರೆದುಕೊಂಡು ಹೋಗಬೇಕು, ಮುಂಚೆಯೇ ನೋಡಿದವನ ಠೀವಿಯಲ್ಲಿ ತೋರಿಸಬೇಕು ಎಂದುಕೊಂಡ.

ಬಸ್ಸಿನಲ್ಲಿ ಎಡಗಡೆ ಮೂರನೇ ಸಾಲು, ಕಿಟಕಿಯ ಪಕ್ಕ. ಸಾವಿರಾರು ಜನರಿಗೆ ತಾನೇ ಶಿಫಾರಸು ಮಾಡಿದ್ದ ಸೀಟಿನಲ್ಲಿ ಈಗ ತಾನೇ ಕೂತಿದ್ದ. ತಿರುಗಿ ನೋಡಿದರೆ ಆ ಅಜ್ಜಿ ಬಲಗಡೆಯ ಕಿಟಕಿಗೆ ಒರಗಿ ಕೂತಿದ್ದಾಳೆ. ವಿಚಾರಣೆಯಪ್ಪನಿಗೆ ಸುಮ್ಮನಿರಲಾಗಲಿಲ್ಲ. ಎದ್ದುಹೋಗಿ, ಅಲ್ಲಿ ಕೂತರೆ ಬರೀ ಬಂಡೆ ಕಾಣುತ್ತದೆ, ಈ ಕಡೆ ಬನ್ನಿ ಎಂದ.

“ಈ ಕಡೆ ಬಿಸಿಲಿಲ್ಲ,” ಎಂದಳು ಅಜ್ಜಿ. “ಬಂಡೆ ಕಂಡ್ರೆ ಬಂಡೆ ನೋಡ್ತೀನಿ ಬಿಡಿ.”

ಅಜ್ಜಿ ಕೇಳದಿದ್ದರೂ ಉಳಿದವರು ಕೇಳಿಸಿಕೊಂಡಿದ್ದರು. ಅವನ ಜೇಬಿನ ಮೇಲಿನ ಕೆಂಪಕ್ಷರ ಓದಿದ ಮೇಲಂತೂ ಯಾರಿಗೂ ಅನುಮಾನ ಉಳಿಯಲಿಲ್ಲ. ಬಲಗಡೆಯವರೆಲ್ಲ ಒಬ್ಬೊಬ್ಬರಾಗಿ ಎಡಕ್ಕೆ ಬಂದರು. ಇಬ್ಬರ ಸೀಟಿನಲ್ಲಿ ಮೂವರು, ಮೂವರ ಸೀಟಿನಲ್ಲಿ ಐವರು, ಮಿಕ್ಕವರು ನಡುವಿನ ದಾರಿಯಲ್ಲಿ ಎಡಕ್ಕೆ ಮುಖ ಮಾಡಿ ನಿಂತರು. ಬಲಗಡೆ ಅಜ್ಜಿ ಮತ್ತು ಅವಳ ಕೈಚೀಲ ಮಾತ್ರ ಉಳಿದವು. ಬಸ್ಸು ಒಂದು ಕಡೆ ವಾಲಿಕೊಂಡೇ ಹೊರಟಿತು. ಡ್ರೈವರು ಎರಡು ಸಲ ಇಳಿದು ಎಡಗಡೆಯ ಚಕ್ರಗಳನ್ನು ಒದ್ದು ನೋಡಿದ, ಏನೂ ತಿಳಿಯದೆ ಹತ್ತಿದ.

ಎರಡು ಗಂಟೆಯ ದಾರಿಯಲ್ಲಿ ವಿಚಾರಣೆಯಪ್ಪ ಹನ್ನೆರಡು ಸಲ ಗಡಿಯಾರ ನೋಡಿದ. ಕಾಲು ಕುಣಿಯುತ್ತಲೇ ಇತ್ತು. ಪಕ್ಕದವನು ತನ್ನ ಕಾಲನ್ನೂ ಅದರ ಜೊತೆ ಕುಣಿಸುವಂತಾಗಿ, ಕೊನೆಗೆ ಎದ್ದು ನಿಂತ. ಇಳಿಜಾರು ಶುರುವಾಗುವ ಮುಂಚೆ, ಚಹಾ ಅಂಗಡಿಯ ಮುಂದೆ ಬಸ್ಸು ನಿಂತಿತು. ಸಮುದ್ರದ ಊರಿನಿಂದ ಬಂದ ಬಸ್ಸೂ ಆಗಷ್ಟೇ ಬೆಟ್ಟ ಹತ್ತಿ ಅಲ್ಲಿ ನಿಂತಿತ್ತು. ಅದರ ಕಿಟಕಿಯೊಂದರಲ್ಲಿ ಸಪೂರದ ಗಂಡಸೊಬ್ಬ, ಎದೆಗೆ ಚೀಲ ಅವಚಿಕೊಂಡು, ಬಾಯಿ ಅರ್ಧ ತೆರೆದು ಶೂನ್ಯವನ್ನು ನೋಡುತ್ತಿದ್ದ. ಪ್ರಯಾಣ ಒಗ್ಗದ ಯಾರೋ ಪಾಪ ಎಂದು ವಿಚಾರಣೆಯಪ್ಪ ತನ್ನಲ್ಲಿದ್ದ ಮಾತ್ರೆಯನ್ನು ತೋರಿಸಿದ. ಆತ ಬೇಡವೆಂದು ಕೈಯಾಡಿಸಿದ.

ಇಳಿಜಾರಿನಲ್ಲಿ ವಿಚಾರಣೆಯಪ್ಪ ತಿರುವುಗಳನ್ನು ಎಣಿಸತೊಡಗಿದ. ಐದನೆಯದರ ಹೊತ್ತಿಗೆ ಇಡೀ ಬಸ್ಸು ಅವನ ಜೊತೆ ಎಣಿಸುತ್ತಿತ್ತು. ಒಂಬತ್ತು. ಹತ್ತು. ನಲವತ್ತು ಕತ್ತುಗಳು ಎಡಕ್ಕೆ ತಿರುಗಿದವು. ಹನ್ನೊಂದನೇ ತಿರುವಿನಲ್ಲಿ ಎಡಗಡೆ ಕಪ್ಪಗೆ ಒದ್ದೆಯಾದ ಬಂಡೆ ಎದ್ದು ಬಂತು. ಅದರ ಮೇಲೆ ಯಾರೋ ಇಬ್ಬರು ಪ್ರೇಮಿಗಳು ತಮ್ಮ ಹೆಸರು ಕೆತ್ತಿದ್ದರು.

“ಅಬ್ಬ, ಎಷ್ಟು ದೊಡ್ಡದಪ್ಪಾ,” ಎಂದು ಬಲಗಡೆಯಿಂದ ಅಜ್ಜಿಯ ದನಿ ಕೇಳಿಸಿತು.

ನಲವತ್ತು ಜನ ಒಟ್ಟಿಗೆ ಬಲಕ್ಕೆ ನುಗ್ಗಿದರು. ಬಸ್ಸು ಎಡಕ್ಕಿದ್ದ ವಾಲನ್ನು ಬಿಟ್ಟು ಬಲಕ್ಕೆ ವಾಲಿತು, ಡ್ರೈವರು ಯಾರನ್ನೋ ನೆನೆದು ಕೂಗಿಕೊಂಡ. ಎಲ್ಲರಿಗಿಂತ ಒಳ್ಳೆಯ ಸೀಟಿನಲ್ಲಿ, ಕಿಟಕಿಗೆ ಅಂಟಿ ಕೂತಿದ್ದ ವಿಚಾರಣೆಯಪ್ಪ ಏಳುವುದರಲ್ಲಿ ಎಲ್ಲರಿಗಿಂತ ಕೊನೆಯವನಾದ. ಎದ್ದರೆ ಹೆಂಡತಿಯ ಚೀಲದ ಪಟ್ಟಿ ಸೀಟಿನ ಕೊಕ್ಕೆಗೆ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಿ ತಲೆ ಎತ್ತಿದಾಗ ಅವನ ಮುಂದೆ ಬೆನ್ನುಗಳಿದ್ದವು. ಬೆನ್ನುಗಳ ಸಂದಿಯಲ್ಲಿ ಒಂದು ಬೆರಳಿನಷ್ಟು ನೀಲಿ ಕಂಡಿತು. ಅದು ಸಮುದ್ರವೋ ಯಾರದೋ ಅಂಗಿಯ ಚೂರೋ ಎಂದು ನಿರ್ಧರಿಸುವ ಮೊದಲೇ ಹನ್ನೆರಡನೇ ತಿರುವು ಬಂದುಬಿಟ್ಟಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಆಮೇಲೆ ಎಲ್ಲರೂ ಅವನ ಕಡೆ ತಿರುಗಿದರು. ದಪ್ಪ ಮೀಸೆಯವನೊಬ್ಬ, ಆರು ವರ್ಷದ ಹಿಂದೆ ಮದುವೆಯಾದ ಹೊಸತರಲ್ಲಿ ಇವನ ಮಾತು ಕೇಳಿ ಎಡಗಡೆ ಕೂತಿದ್ದೆನೆಂದೂ, ಸಮುದ್ರ ತೋರಿಸದ ಗಂಡ ಎಂದು ಹೆಂಡತಿ ಇವತ್ತಿಗೂ ಹಂಗಿಸುತ್ತಾಳೆಂದೂ ಎಲ್ಲರೆದುರು ಹೇಳಿಕೊಂಡ. ವಿಚಾರಣೆಯಪ್ಪ ತಲೆ ಹಿಡಿದು ಕೂತು ಲೆಕ್ಕ ಹಾಕಿದ. ಆ ಕಡೆಯವನು ಎಡಗಡೆ ಎಂದದ್ದು ಅವನ ಕಡೆಯಿಂದ ಬೆಟ್ಟ ಹತ್ತುವವರಿಗೆ. ಒಟ್ಟು ಇಪ್ಪತ್ತೊಂದು ತಿರುವಿನಲ್ಲಿ ಹನ್ನೊಂದನೆಯದು ಎರಡೂ ಕಡೆಯಿಂದ ಹನ್ನೊಂದನೆಯದೇ, ಆದರೆ ಹತ್ತುವಾಗ ಎಡಗಡೆ ಇರುವುದು ಇಳಿಯುವಾಗ ಬಲಗಡೆ ಇರಲೇಬೇಕಲ್ಲ. ಇವನು ಕಳಿಸಿದವರೆಲ್ಲ ಇಳಿಯುವಾಗ ಎಡಗಡೆ ಕೂತು ಬಂಡೆ ನೋಡಿದರು. ಬರುವಾಗಲೂ ಹಲವರು ಅದೇ ಅಭ್ಯಾಸದಿಂದ ಎಡಗಡೆ ಕೂತು ಸಮುದ್ರ ನೋಡಿದರು. ಹೌದು ಸಾರ್, ನೀವು ಹೇಳಿದ ಹಾಗೆ ಎಡಗಡೆಯೇ ಕಾಣಿಸಿತು ಎಂದು ಕಿಟಕಿಗೆ ಬಂದು ಕೈಮುಗಿದು ಹೋದವರೆಲ್ಲ ಅವರೇ. ಇಪ್ಪತ್ತೊಂದು ವರ್ಷ ಇದು ಯಾರ ತಲೆಗೂ ಹೊಳೆದಿರಲಿಲ್ಲ.

ಕಂಡಕ್ಟರ್ ಮೆಲ್ಲಗೆ ಪಕ್ಕಕ್ಕೆ ಬಂದ. “ನಂಗೆ ಗೊತ್ತಿತ್ತು ಸಾರ್. ದಿನಾ ನೋಡ್ತೀನಲ್ಲ. ಆದ್ರೆ ವಿಚಾರಣೆಯವ್ರೇ ಎಡಗಡೆ ಅಂತಿದಾರೆ ಅಂದ್ರೆ, ಮೇಲಿಂದ ಏನೋ ಆದೇಶ ಇರ್ಬೇಕು ಅಂದ್ಕೊಂಡೆ.”

ಎರಡೂ ಇಪ್ಪತ್ತಕ್ಕೆ ಬಸ್ಸು ಸಮುದ್ರದ ಊರನ್ನು ಮುಟ್ಟಿತು. ಬೈಸಿಕೊಂಡು ಕೆಂಪಾದ ಮುಖವನ್ನು ಒರೆಸಿಕೊಂಡು ವಿಚಾರಣೆಯಪ್ಪ ಇಳಿದ. ಗಾಳಿಯಲ್ಲಿ ಉಪ್ಪಿನ ವಾಸನೆ ಇತ್ತು. ನಿಲ್ದಾಣದ ಹಿಂದುಗಡೆಯಿಂದ ದೊಡ್ಡ ಪ್ರಾಣಿಯೊಂದು ಮಲಗಿ ಉಸಿರಾಡುವಂಥ ಸದ್ದು ಬರುತ್ತಿತ್ತು. ಅವನ ಮೈ ಜುಮ್ಮೆಂದಿತು. ತಿರುವಿನಲ್ಲಿ ತಪ್ಪಿದರೇನಂತೆ, ನಿಲ್ದಾಣದಿಂದ ದಡಕ್ಕೆ ಹನ್ನೆರಡು ನಿಮಿಷದ ನಡಿಗೆ ಎಂದು ಅವನೇ ಎಷ್ಟು ಜನರಿಗೆ ಹೇಳಿಲ್ಲ. ಅಜ್ಜಿ ಆಗಲೇ ಚಪ್ಪಲಿ ಕೈಯಲ್ಲಿ ಹಿಡಿದು ಆ ದಾರಿಯಲ್ಲಿ ದಾಪುಗಾಲು ಹಾಕುತ್ತಿದ್ದಳು.

ಹೊರಗೆ ಹೋಗುವ ದಾರಿ ವಿಚಾರಣೆ ಕಿಟಕಿಯ ಮುಂದೆಯೇ ಹಾಯುತ್ತಿತ್ತು. ಅಲ್ಲಿ ಜಾತ್ರೆಯಂತೆ ಜನ ಸೇರಿ ಗದ್ದಲ ಮಾಡುತ್ತಿದ್ದರು. ಕಿಟಕಿಯ ಒಳಗೆ ಯಾರೂ ಇರಲಿಲ್ಲ. ಆ ನಿಲ್ದಾಣದ ಕಂಟ್ರೋಲರು ಬಾಗಿಲಲ್ಲಿ ನಿಂತು ಬೆವರುತ್ತಿದ್ದ. ವಿಚಾರಣೆಯಪ್ಪನಿಗೆ ಅಪಾಯದ ಸುಳಿವು ಸಿಕ್ಕಿತು. ಅಂಗೈಯಿಂದ ಜೇಬಿನ ಮೇಲಿನ ಪಟ್ಟಿ ಮುಚ್ಚಿಕೊಂಡು, ಎದೆನೋವಿನವನಂತೆ ಬಗ್ಗಿ, ಗೋಡೆಯ ಪಕ್ಕದಿಂದ ನುಸುಳಿದ. ಇನ್ನು ನಾಲ್ಕೇ ಹೆಜ್ಜೆ ಇತ್ತು. ಅಷ್ಟರಲ್ಲಿ ಹೆಂಗಸೊಬ್ಬಳು, ಅವನನ್ನಲ್ಲ, ಗಾಳಿಯನ್ನೇ ಕೇಳುವಂತೆ, ಬೆಟ್ಟದ ಊರಿಗೆ ಮುಂದಿನ ಬಸ್ಸು ಎಷ್ಟಕ್ಕೋ ಏನೋ ಎಂದಳು.

“ಮೂರೂ ಹತ್ತಕ್ಕೆ, ಎರಡನೇ ಅಂಕಣ,” ಎಂದಿತು ವಿಚಾರಣೆಯಪ್ಪನ ಬಾಯಿ.

ಅವನು ಹೇಳಬೇಕೆಂದು ಹೇಳಿದ್ದಲ್ಲ. ಇಪ್ಪತ್ತೊಂದು ವರ್ಷದ ನಾಲಿಗೆ ತಾನೇ ಹೇಳಿತ್ತು. ಗದ್ದಲ ನಿಂತಿತು. ಎಲ್ಲರೂ ತಿರುಗಿದರು. ಅಷ್ಟು ಕರಾರುವಾಕ್ಕಾಗಿ ಅಂಕಣದ ಸಮೇತ ಹೇಳುವವನು ಯಾರು ಎಂದು ಕಂಟ್ರೋಲರು ಮುಂದೆ ಬಂದು, ಅವನ ಅಂಗೈಯನ್ನು ಮರ್ಯಾದೆಯಿಂದಲೇ ಬದಿಗೆ ಸರಿಸಿ, ಕೆಂಪಕ್ಷರ ಓದಿದ. ಓದಿ ಅವನ ಕಣ್ಣಲ್ಲಿ ನೀರು ಬಂತು.

“ನಮ್ಮೋನು ಇಪ್ಪತ್ತೊಂದು ವರ್ಷದಿಂದ ಒಂದಿನ ರಜೆ ಕೇಳಿದೋನಲ್ಲ,” ಎಂದು ಅವನು ವಿಚಾರಣೆಯಪ್ಪನನ್ನು ಒಳಗೆ ನಡೆಸಿಕೊಂಡು ಹೋದ. “ಇವತ್ತು ಬೆಳಿಗ್ಗೆ ಒಂಬತ್ತಕ್ಕೆ ಫೋನ್ ಇಟ್ಟೋನೇ, ಬೆಟ್ಟ ನೋಡ್ಬೇಕು ಅಂತ ಎದ್ದುಬಿಟ್ಟ. ಹತ್ತೂವರೆ ಬಸ್ಸಿಗೆ ಹೋದ. ನೀವು ಐದೇ ನಿಮಿಷ ಕೂತಿರಿ, ನಾನು ಯಾರನ್ನಾದ್ರೂ ಹುಡುಕ್ತೀನಿ.”

ಚಹಾ ಅಂಗಡಿಯ ಮುಂದೆ ಎದುರು ಬಸ್ಸಿನಲ್ಲಿ ಬಾಯಿ ತೆರೆದು ಕೂತಿದ್ದ ಸಪೂರದ ಗೃಹಸ್ಥ ಯಾರೆಂದು ವಿಚಾರಣೆಯಪ್ಪನಿಗೆ ಆಗ ತಿಳಿಯಿತು. ತಾನು ಕೇಳಿದ ಒಂದು ಪ್ರಶ್ನೆ ಆ ಕಡೆಯವನ ಕಾಲನ್ನೂ ಕುಣಿಸಿತ್ತು.

ಐದು ನಿಮಿಷ ಅರ್ಧ ಗಂಟೆಯಾಯಿತು, ಅರ್ಧ ಗಂಟೆ ಒಂದು ಗಂಟೆಯಾಯಿತು. ಕಂಟ್ರೋಲರು ಯಾರನ್ನೂ ಹುಡುಕುವ ಹಾಗೆ ಕಾಣಲಿಲ್ಲ. ಐದೂವರೆಗೆ ಕಿಟಕಿ ಮುಚ್ಚುತ್ತದೆ, ಆಮೇಲೆ ನೀವು ಸ್ವತಂತ್ರರು ಎಂದು ಒಮ್ಮೆ ಬಂದು ಧೈರ್ಯ ಹೇಳಿ ಹೋದ. ಐದೂವರೆಗೇ ಬೆಟ್ಟದ ಊರಿಗೆ ಕಡೆಯ ಬಸ್ಸು. ನಾಳೆ ಆರಕ್ಕೆ ವಿಚಾರಣೆಯಪ್ಪ ತನ್ನ ಕಿಟಕಿಯಲ್ಲಿರಬೇಕು. ಹನ್ನೊಂದನೇ ತಿರುವು ಬರುವಷ್ಟರಲ್ಲಿ ಕತ್ತಲಾಗಿರುತ್ತದೆ ಎಂದು ಹೇಳಲು ಅವನಿಗೆ ಯಾವ ವೇಳಾಪಟ್ಟಿಯೂ ಬೇಕಿರಲಿಲ್ಲ. ಕುರ್ಚಿಯೂ ತನ್ನ ಕುರ್ಚಿಯಂಥದೇ, ಎಡಗೈ ಹಿಡಿ ಸಡಿಲ. ಎದುರಿಗೆ ಸರಳು, ಸರಳಿನಾಚೆ ಅಂಕಣ. ಸಮುದ್ರ ಬೆನ್ನ ಹಿಂದಿನ ಗೋಡೆಯಾಚೆ ಇತ್ತು, ಆ ಗೋಡೆಗೆ ಕಿಟಕಿ ಇರಲಿಲ್ಲ. ಎದ್ದು ಓಡಿಬಿಡಲೇ ಎಂದು ಮೂರು ಸಲ ಅಂದುಕೊಂಡ. ಮೂರು ಸಲವೂ ಯಾರೋ ಒಬ್ಬರು ಏನೋ ಕೇಳಿದರು, ಅವನು ಹೇಳಿದ.

ಮೂರೂವರೆಗೆ ಮೇಜಿನ ಮೇಲಿನ ಫೋನು ಬಡಿದುಕೊಂಡಿತು.

“ಹಲೋ, ವಿಚಾರಣೆ,” ಎಂದ ಇವನು.

“ಹಲೋ, ವಿಚಾರಣೆ,” ಎಂದಿತು ಆ ಕಡೆಯಿಂದಲೂ. ಆಮೇಲೆ ಪರಿಚಿತ ಕೆಮ್ಮೊಂದು ಕೇಳಿಸಿತು. “ಸಾರ್, ನೀವಾ? ನನ್ನ ಕುರ್ಚೀಲಾ? ನಾನು ನಿಮ್ಮ ಕುರ್ಚೀಲಿದೀನಿ. ನಿಮ್ಮ ಮೈಕಿನ ಅಮ್ಮನ ಗಂಟಲು ಮಧ್ಯಾಹ್ನಕ್ಕೇ ಕಟ್ಟೋಯ್ತಂತೆ. ನನ್ನ ಜೇಬಿನ ಬಿಲ್ಲೆ ನೋಡಿ ನಿಮ್ಮ ಸಾಹೇಬ್ರು ಐದೇ ನಿಮಿಷ ಅಂತ ಕೂರ್ಸಿದ್ರು.”

ಇವನು ಕುರ್ಚಿಯ ಸಡಿಲ ಹಿಡಿಯನ್ನು ಒಮ್ಮೆ ಅಲುಗಿಸಿದ.

“ಬೆಟ್ಟ ನೋಡಿದ್ರಾ?” ಎಂದ ವಿಚಾರಣೆಯಪ್ಪ.

“ಇಲ್ಲಿಂದ ಮೂರನೇ ಅಂಕಣ ಕಾಣುತ್ತೆ. ಸಮುದ್ರ?”

“ಕೇಳಿಸ್ತಿದೆ.”

ಆ ಕಡೆಯವನು ತಡೆಯಲಾರದೆ ಇನ್ನೊಂದು ಮಾತು ಹೇಳಿದ. ಬರುವಾಗ ಎಡಗಡೆ ಸೀಟು ಹಿಡಿದಿದ್ದನಂತೆ. ಹನ್ನೊಂದನೇ ತಿರುವಿನಲ್ಲಿ ತಿರುಗಿ ನೋಡಿದರೆ ಎದೆ ಝಲ್ಲೆಂದಿತಂತೆ. “ನಮ್ಮೂರ ಸಮುದ್ರ ಅಷ್ಟು ದೊಡ್ಡದಿದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಸಾರ್,” ಎಂದ. ವಿಚಾರಣೆಯಪ್ಪನಿಗೆ ಹೊಟ್ಟೆ ಉರಿಯಿತು. ಇಪ್ಪತ್ತೊಂದು ವರ್ಷದ ಸ್ನೇಹಕ್ಕೆ ಬೆಲೆ ಕೊಟ್ಟು ಏನೂ ಅನ್ನದೆ ಫೋನಿಟ್ಟ.

ಐದು ಗಂಟೆಗೆ ಕಿಟಕಿಯ ಮುಂದೆ ಅಜ್ಜಿ ಕಾಣಿಸಿಕೊಂಡಳು. ಬಟ್ಟೆ ಮೊಣಕಾಲವರೆಗೂ ಒದ್ದೆ, ಕೂದಲಲ್ಲಿ ಮರಳು, ಮುಖದಲ್ಲಿ ಶಾಲೆ ತಪ್ಪಿಸಿದ ಹುಡುಗಿಯ ಕಳೆ. ಕುರ್ಚಿಯಲ್ಲಿ ಕೂತವನನ್ನು ಗುರುತು ಹಿಡಿದು ಅವಳು ಆಶ್ಚರ್ಯಪಡಲಿಲ್ಲ. ವಿಚಾರಣೆಯವರು ಎಲ್ಲೆಲ್ಲೂ ಕಿಟಕಿಯ ಹಿಂದೆಯೇ ಇರುತ್ತಾರೆಂದು ತಿಳಿದಿದ್ದಳೋ ಏನೋ. ಸಮುದ್ರ ನೋಡಿದಿರಾ ಎಂದು ಕೇಳಿದಳು. ಇಲ್ಲ ಎಂದ. ಅವನ ದನಿ ಕೇಳಿ ಅಜ್ಜಿಗೆ ಮರುಕ ಬಂತು. ಚೀಲಕ್ಕೆ ಕೈಹಾಕಿ ಬಿಳಿಯ ಚಿಪ್ಪೊಂದನ್ನು ತೆಗೆದು ಸರಳಿನ ಸಂದಿಯಿಂದ ಒಳಗೆ ತಳ್ಳಿದಳು. ಅವನು ಅದನ್ನು ಜೇಬಿಗೆ ಹಾಕಿಕೊಂಡ. ಹೆಂಡತಿ ನಂಬುತ್ತಾಳೆ ಎಂಬುದೇ ಅವನಿಗೆ ಹೆಚ್ಚು ನೋವು ತಂದಿತು.

“ನಾಳೆ ವಾಪಸ್ ಹೋಗೋವಾಗ ನಿಮ್ಮೂರಲ್ಲಿ ಒಂದಿನ ಇಳಿಯೋಣ ಅಂತಿದೀನಿ,” ಎಂದಳು ಅಜ್ಜಿ. “ಅಲ್ಲಿ ನೋಡೋಕೆ ಏನಿದೆ? ನೀವು ಹುಟ್ಟಿ ಬೆಳೆದ ಊರು. ಇದನ್ನಾದ್ರೂ ಕಣ್ಣಾರೆ ಕಂಡು ಹೇಳ್ತೀರಿ.”

ವಿಚಾರಣೆಯಪ್ಪನ ಎದೆ ಉಬ್ಬಿತು. ಕೊನೆಗೂ ಕೇಳಬೇಕಾದವನನ್ನು ಕೇಳಬೇಕಾದ್ದು ಕೇಳಿದ್ದರು. ಕುರ್ಚಿಯಲ್ಲಿ ನೆಟ್ಟಗೆ ಕೂತು, ಗಂಟಲು ಸರಿಮಾಡಿಕೊಂಡು ಬಾಯಿ ತೆರೆದ. ನಿಲ್ದಾಣ ನೆನಪಾಯಿತು. ನಿಲ್ದಾಣದಿಂದ ಮನೆಯವರೆಗಿನ ಏಳು ಅಂಗಡಿ ನೆನಪಾದವು. ಬೆಟ್ಟವೊಂದಿದೆ, ಅದು ಗೊತ್ತು, ಆದರೆ ಅದನ್ನು ಯಾವ ಕಡೆಯಿಂದ ಹತ್ತುತ್ತಾರೆ, ಹತ್ತಿದರೆ ಏನು ಕಾಣುತ್ತದೆ? ನಲವತ್ತಾರು ವರ್ಷದ ಊರನ್ನು ಒಳಗೊಳಗೇ ತಡಕಿದ, ಏಳು ಅಂಗಡಿಯ ಆಚೆ ಏನೂ ಸಿಗಲಿಲ್ಲ. ಅಜ್ಜಿ ಕಾಯುತ್ತಿದ್ದಳು. ಅವಳ ಹಿಂದೆ ಸಾಲು ಬೆಳೆಯುತ್ತಿತ್ತು.

ಅವನು ಒಂದು ನಿಮಿಷ ಎಂದು ಸನ್ನೆ ಮಾಡಿ ಫೋನು ಎತ್ತಿ, ತನ್ನದೇ ಕಿಟಕಿಯ ನಂಬರು ತಿರುಗಿಸಿ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕೇಳಿದ. “ಸಾರ್, ನಮ್ಮೂರಲ್ಲಿ ನೋಡೋಕೆ ಏನಿದೆ ಅಂತ ಯಾರಾದ್ರೂ ಹೇಳಿದ್ರಾ?”

“ನಾನೇ ನಿಮಗೆ ಫೋನ್ ಮಾಡೋಣ ಅಂತಿದ್ದೆ,” ಎಂದ ಆ ಕಡೆಯವನು ಅಷ್ಟೇ ಮೆಲ್ಲಗೆ. “ಇಲ್ಲೊಬ್ರು ನಮ್ಮ ಸಮುದ್ರದೂರಲ್ಲಿ ಏನೇನು ನೋಡ್ಬೇಕು ಅಂತ ಕೇಳ್ತಾ ನಿಂತಿದಾರೆ.”

ವಿಚಾರಣೆಯಪ್ಪ ಫೋನಿಟ್ಟ. ಮೊಣಕಾಲು ಮತ್ತೆ ಕುಣಿಯತೊಡಗಿತು. ಬೇರೇನೂ ತೋಚದೆ ಅವನು ತನಗೆ ಗೊತ್ತಿದ್ದ ಒಂದೇ ಸಂಗತಿಯನ್ನು ಹೇಳಿದ. “ಬೆಳಿಗ್ಗೆ ಎಂಟಕ್ಕೆ ಬಸ್ಸು, ಎರಡನೇ ಅಂಕಣ. ಎಡಗಡೆ ಸೀಟು ಹಿಡೀರಿ ಅಜ್ಜಿ. ಹನ್ನೊಂದನೇ ತಿರುವಲ್ಲಿ ಸಮುದ್ರ ಕಾಣುತ್ತೆ.”

ಇಪ್ಪತ್ತೊಂದು ವರ್ಷದಲ್ಲಿ ಆ ಮಾತು ಮೊದಲ ಸಲ ಸರಿಯಾಗಿತ್ತು. ಅಜ್ಜಿ ಅವನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಕೈಚೀಲ ಎತ್ತಿಕೊಂಡು, ಯಾವ ಕಡೆ ಕೂರಬೇಕೆಂದು ಕೇಳಲು ಅಲ್ಲಿಯ ಹಮಾಲಿಯೊಬ್ಬನ ಹತ್ತಿರ ಹೋದಳು.